ಎಂಟಡಿ ದೊಣ್ಣೆ, ಒಬ್ಬಳು ನರಿ ಹೆಣ್ಣು

ಚೀನಾದ ಮಿಂಗ್ ಕಾಲದಲ್ಲಿ ನಡೆಯುವ ಒಂದು ನೀಳ್ಗತೆ ಬರೆದೆ. ಅದರಲ್ಲಿ ಹೊಡೆದಾಟವೂ ಇದೆ, ಮಾಯೆಯೂ ಇದೆ. ಮಾಯೆಯನ್ನು ಬದಿಗಿಟ್ಟು ಮೊದಲು ಇಸವಿಯನ್ನು ಗಟ್ಟಿ ಮಾಡಿಕೊಂಡೆ.

ಇಸವಿ 1553. ಆಗ ಚೀನಾದ ಪೂರ್ವ ಕರಾವಳಿಯಲ್ಲಿ ಕಡಲುಗಳ್ಳರ ಹಾವಳಿ. ಹೆಸರಿಗೆ ಅವರು ಜಪಾನಿನವರು, ಆದರೆ ಗುಂಪಿನಲ್ಲಿ ಚೀನೀಯರೇ ಜಾಸ್ತಿ. ಅವರ ವಿರುದ್ಧ ಶಾವೊಲಿನ್ ಮಠದ ಸನ್ಯಾಸಿಗಳೂ ಕಾದಾಡಿದರು. ಶಾವೊಲಿನ್ ಅಂದರೆ ನಮಗೆ ಬರಿಗೈ ಕುಂಗ್‌ಫೂ ನೆನಪಾಗುತ್ತದೆ, ಅಲ್ವಾ? ಆ ಕಾಲಕ್ಕೆ ಅವರು ಹೆಸರು ಮಾಡಿದ್ದು ದೊಣ್ಣೆವರಸೆಯಲ್ಲಿ. ಬರಿಗೈ ವರಸೆ ದೊಡ್ಡ ಯುದ್ಧಕ್ಕೆ ಅಷ್ಟಾಗಿ ಒದಗುವುದಿಲ್ಲ, ಹೊಸಬರ ಕೈಕಾಲು ಪಳಗಿಸಲು ಒಳ್ಳೆಯದು ಅಂತ 1560ರ ಸುಮಾರಿಗೆ ದಂಡನಾಯಕ ಚೀ ಜಿಗ್ವಾಂಗ್ ಕೂಡ ಬರೆದಿದ್ದಾನೆ.

ಹಾಗಾಗಿ ನನ್ನ ಸನ್ಯಾಸಿಯ ಕೈಗೆ ಸುಮಾರು ಎಂಟಡಿಯ ದೊಣ್ಣೆ ಕೊಟ್ಟೆ. ಎದುರಾಳಿಗೆ ಉದ್ದನೆಯ ಜಪಾನಿ ಕತ್ತಿ. ಜಾಗ, ಕಿರಿದಾದ ಓಣಿ. ಅಷ್ಟೇ ಉದ್ದದ ಬಿದಿರು ಹಿಡಿದು ನಮ್ಮ ಮನೆ ಪಕ್ಕದ ಸಂದಿಯಲ್ಲಿ ನಿಂತು ನೋಡಿದೆ. ಬೀಸುವ ಹಾಗಿಲ್ಲ, ತುದಿ ಗೋಡೆಗೆ ತಾಗುತ್ತದೆ. ತಿವಿಯಬಹುದು, ಹಿಂದಕ್ಕೆ ಎಳೆದುಕೊಳ್ಳಬಹುದು, ಅಷ್ಟೇ. ಹಿಂದಿನ ಕೈ ಸೊಂಟದಿಂದ ಹೊರಟರೆ ತಿವಿತಕ್ಕೆ ಬಲ ಬರುತ್ತದೆ. ಕತ್ತಿಯವನು ದೊಣ್ಣೆಯ ತುದಿ ದಾಟಿ ಒಳಗೆ ನುಗ್ಗಿಬಿಟ್ಟರೆ ಸನ್ಯಾಸಿಯ ಕಥೆ ಮುಗಿಯಿತು. ಇಷ್ಟು ತಿಳಿದ ಮೇಲೆ ಯಾರನ್ನೂ ಸುಮ್ನೆ ಗಾಳಿಯಲ್ಲಿ ಹಾರಿಸುವ ಅಗತ್ಯ ಬೀಳಲಿಲ್ಲ.

ಮಾಯೆಗೂ ಇಂಥದ್ದೇ ಕಟ್ಟು ಬೇಕಿತ್ತು. ಚೀನೀ ಕಥೆಗಳಲ್ಲಿ ನರಿ ವರ್ಷಾನುಗಟ್ಟಲೆ ಸಾಧನೆ ಮಾಡಿ ಹೆಣ್ಣಿನ ರೂಪ ಪಡೆಯುತ್ತದೆ. ಪು ಸೊಂಗ್‌ಲಿಂಗ್ (1640–1715) ಬರೆದ ಕಥೆಗಳಲ್ಲಿ ಇವರು ಬರೀ ಕೇಡಿಗಳಲ್ಲ, ಅಕ್ಕರೆಯ ಗೆಳತಿಯರೂ ಹೆಂಡತಿಯರೂ ಹೌದು. ನನಗೆ ತುಂಬ ಹಿಡಿಸಿದ್ದು ಅದು. ಅವನು ನನ್ನ ಕಥೆಯ ಕಾಲಕ್ಕಿಂತ ಈಚೆಯವನು, ನಿಜ. ಆದರೆ ನರಿ ಹೆಣ್ಣಿನ ಕಥೆಗಳು ಅವನಿಗಿಂತ ಎಷ್ಟೋ ಹಳೆಯವು. ಟಾಂಗ್ ಕಾಲದ ಒಂದು ಕಥೆಯಲ್ಲಿ ಅಂಥವಳೊಬ್ಬಳು ಬೇಟೆನಾಯಿಗಳನ್ನು ಕಂಡು ನರಿಯಾಗಿ ಓಡುತ್ತಾಳೆ, ಅವುಗಳ ಬಾಯಿಗೆ ಸಿಕ್ಕಿ ಸಾಯುತ್ತಾಳೆ. ನಾನು ಹಿಡಿದುಕೊಂಡಿದ್ದು ಆ ಭಯವನ್ನು. ನನ್ನ ಕಥೆಯ ನರಿ ಹೆಣ್ಣಿಗೆ ಬೇಕಾದಷ್ಟು ವಿದ್ಯೆ ಗೊತ್ತು, ನಾಯಿಯ ಎದುರು ಮಾತ್ರ ಯಾವುದೂ ನಡೆಯುವುದಿಲ್ಲ. ಅವಳು ಸನ್ಯಾಸಿಯನ್ನು ಉಳಿಸಲು ಬರಬೇಕಾದ ಓಣಿಯ ಬಾಯಲ್ಲೇ ಒಂದು ನಾಯಿ ತಂದು ನಿಲ್ಲಿಸಿದೆ.

ಅವಳು ನರಿ ಅಂತ ಸನ್ಯಾಸಿಗೆ ಗೊತ್ತಿರಬೇಕೋ ಬೇಡವೋ ಅನ್ನುವುದು ಅಲ್ಲಿಯವರೆಗೂ ತೀರ್ಮಾನವಾಗಿರಲಿಲ್ಲ. ಆ ದೃಶ್ಯ ಬರೆಯುವಾಗ ಬಗೆಹರಿಯಿತು. ಗೊತ್ತಿರಲೇಬೇಕು. ಇಲ್ಲದಿದ್ದರೆ ಕತ್ತಿ ಎದುರಿಗಿರುವಾಗ ಅವನು ದೊಣ್ಣೆ ತಿರುಗಿಸಿ ಮೊದಲು ಆ ನಾಯಿಯನ್ನು ಯಾಕೆ ಓಡಿಸುತ್ತಾನೆ?