ಆಟಿಯಲ್ಲಿ ಆಪರೇಷನ್, ಮನೆಯ ಮೊಸರಲ್ಲಿ ಪ್ರೋಟೀನ್: ನನ್ನ ಅನುಭವ

ಮೊಟ್ಟೆ, ಮೀನು ಮುಟ್ಟದ ಮನೆಯವನು ತೂಕ ಇಳಿಸಲು ಜಠರ ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡರೆ ಡಬ್ಬಿಯ ಪ್ರೋಟೀನ್ ಪೌಡರ್ ಇಲ್ಲದೆ ದಿನ ಹೋಗುವುದಿಲ್ಲ ಅಂತ ನನಗೆ ಹೇಳಿದವರು ಬಹಳ ಮಂದಿ. ಡಯಟೀಶಿಯನ್ ಹೇಳಿದರು, ನನಗಿಂತ ಮೊದಲು ಆಪರೇಷನ್ ಆದ ಗೆಳೆಯರೂ ಹೇಳಿದರು. ಭಾವನಂತೂ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ನಿಂತು "ಇನ್ನು ತೋಟಕ್ಕೆ ಇಳಿವಲೆ ಎಡಿಗೊ ನಿನಗೆ?" (ಇಳಿಯಲು ಆಗುತ್ತದಾ) ಅಂತ ಕೇಳಿದ. ಈಗ ಎರಡು ವರ್ಷ ದಾಟಿತು. 128 ಕಿಲೋ ಆಸುಪಾಸು ಇದ್ದವನು 90-91ರಲ್ಲಿ ನಿಂತಿದ್ದೇನೆ. ಕಳೆದ ಕೊಯ್ಲಿನಲ್ಲಿ ಅಡಿಕೆ ಗೋಣಿ ಹೊತ್ತು ತೋಟದಿಂದ ಅಂಗಳಕ್ಕೆ ಹತ್ತಿದ್ದೇನೆ. ಭಾವ ಅಂಗಳದಲ್ಲೇ ಇದ್ದ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸ್ಲೀವ್ ಅಂದರೆ ಏನು ಅಂತ ಇದನ್ನು ಓದುವ ಬಹಳ ಮಂದಿಗೆ ಗೊತ್ತಿರುತ್ತದೆ. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯುತ್ತಾರೆ, ಹಸಿವೆ ಎಬ್ಬಿಸುವ ಹಾರ್ಮೋನು ಬಹಳ ಇಳಿಯುತ್ತದೆ, ಅಷ್ಟನ್ನು ಸರ್ಜನ್ನರೇ ಚಿತ್ರ ಬಿಡಿಸಿ ಹೇಳುತ್ತಾರೆ. ಮನೆಗೆ ಬಂದ ಮೇಲಿನ ಕಥೆ ನಮ್ಮ ಪಾಲಿಗೆ.

ಮೊದಲು ದಿನ ಯಾವಾಗ ಇಡಬೇಕು ಎಂಬ ವಿಷಯ. ನಾನು ಹಟ ಹಿಡಿದು ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಮಳೆಗಾಲದ ತಿಂಗಳು) ಶುರುವಿಗೇ ಇಟ್ಟೆ. "ಆಟಿಯಲ್ಲಿ ಯಾರಾದರೂ ಆಪರೇಷನ್ ಮಾಡಿಸ್ತಾರಾ" ಅಂತ ದೊಡ್ಡಮ್ಮ ಬೇಸರ ಮಾಡಿಕೊಂಡರು. ನನ್ನ ಲೆಕ್ಕ ಬೇರೆ. ಆಟಿಯಲ್ಲಿ ಮದುವೆ ಇಲ್ಲ, ಉಪನಯನ ಇಲ್ಲ, ಗೃಹಪ್ರವೇಶ ಇಲ್ಲ. ಅಂದರೆ ಹಂತಿಯಲ್ಲಿ (ಊಟದ ಸಾಲಿನಲ್ಲಿ) ಕೂರುವ ಪ್ರಶ್ನೆಯೇ ಇಲ್ಲ. ಬರೀ ನೀರು, ಮಜ್ಜಿಗೆ ಕುಡಿದುಕೊಂಡಿರಬೇಕಾದ ಮೊದಲ ವಾರಗಳು ಮಳೆಯಲ್ಲೇ ಕಳೆದವು. ನಮ್ಮ ಏಪ್ರಿಲಿನ ಬೆವರಿಗೆ ಒಂದೊಂದೇ ಗುಟುಕು ನೀರು ಕುಡಿದು ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸುವುದು ಕಷ್ಟ, ಮೈಯಲ್ಲಿ ನೀರು ಆರಿಹೋಗುತ್ತದೆ. ಅಡಿಕೆಗೆ ಎರಡನೇ ಸಲ ಮದ್ದು ಬಿಡುವುದನ್ನು ಆ ವರ್ಷ ಕಾಂಟ್ರಾಕ್ಟ್ ಕೊಟ್ಟೆ. ಖರ್ಚು ಸ್ವಲ್ಪ ಹೆಚ್ಚಾಯಿತು, ಆದರೆ ತೋಟದ ಚಿಂತೆ ತಪ್ಪಿತು. ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯವನ್ನು ಮಾತ್ರ ಆ ವರ್ಷ ಮುಟ್ಟಲಿಲ್ಲ. ಆಗಷ್ಟೇ ಹೊಲಿಗೆ ಬಿದ್ದ ಹೊಟ್ಟೆಗೆ ಅದು ಬೇಡ.

ಆಪರೇಷನ್ನಿಗೆ ಮುಂಚೆ ಸುಮಾರು ಎರಡು ವಾರ ಲಿವರ್ ಕುಗ್ಗಿಸುವ ಡಯಟ್ ಇರುತ್ತದಲ್ಲ, ಅದು ಬಂದದ್ದು ಅಂಗಳದ ತುಂಬ ಹಲಸಿನ ಹಣ್ಣಿನ ವಾಸನೆ ಇರುವ ಹೊತ್ತಿಗೆ. ಆ ಎರಡು ವಾರ ಡಯಟಿಗೆ ಗಟ್ಟಿಯಾಗಿ ಅಂಟಿಕೊಂಡರೆ ಸರ್ಜನ್ನರಿಗೆ ಒಳಗೆ ಜಾಗ ಸಿಗುತ್ತದೆ, ಕೆಲಸ ಸಲೀಸಾಗುತ್ತದೆ. ನಾನು ಅಂಟಿಕೊಂಡೆ.

ಇನ್ನು ದುಡ್ಡು. ಮಂಗಳೂರಿನ ಆಸ್ಪತ್ರೆಯ ಬಿಲ್ಲು ಹತ್ತಿರ ಹತ್ತಿರ ಮೂರು ಮುಕ್ಕಾಲು ಲಕ್ಷ. ಅದರಲ್ಲಿ ದೊಡ್ಡ ಪಾಲು ಜಠರ ಕತ್ತರಿಸಿ ಹೊಲಿಯುವ ಸ್ಟೇಪ್ಲರ್ ಮತ್ತು ಅದರ ಕಾರ್ಟ್ರಿಜ್‌ಗಳದ್ದು. ಎಷ್ಟು ಕಾರ್ಟ್ರಿಜ್ ಬೇಕಾಗಬಹುದು, ಒಂದಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಪ್ಯಾಕೇಜಿನಲ್ಲಿ ನಾನು ಒಂದಿಷ್ಟು ಇಳಿಸಿದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹಿಡಿದುಕೊಂಡು ಹೋದರೆ ಆ ದಾರಿ ಮುಚ್ಚಿಹೋಗುತ್ತದೆ.

ಇನ್ಶೂರೆನ್ಸಿನವರು ಮೊದಲು 'ಇದು ಅಂದಕ್ಕಾಗಿ ಮಾಡಿಸುವ ಆಪರೇಷನ್' ಅಂತ ತಳ್ಳಿಹಾಕಿದರು. ಹಾಗಲ್ಲ. ಇನ್ಶೂರೆನ್ಸ್ ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ನಿಯಮದಲ್ಲೇ ಇದಕ್ಕೆ ದಾರಿ ಇದೆ. ಡಾಕ್ಟರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಜೋರಾದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹೃದಯದ ತೊಂದರೆ ಇಂಥದ್ದೇನಾದರೂ ಇದ್ದರೆ 35 ಸಾಕು. ಆ 35ರವರು ಬೇರೆ ರೀತಿಯಲ್ಲಿ ತೂಕ ಇಳಿಸಲು ನೋಡಿ ಆಗಲಿಲ್ಲ ಅಂತಲೂ ತೋರಿಸಬೇಕು. ಇದರ ಜೊತೆಗೆ ಪಾಲಿಸಿಯ ವೇಟಿಂಗ್ ಪೀರಿಯಡ್ (ಕ್ಲೇಮಿಗೆ ಮೊದಲು ಕಾಯಬೇಕಾದ ಅವಧಿ) ಕೂಡ ಇರುತ್ತದೆ. ನನ್ನ ಎತ್ತರಕ್ಕೆ ಬಿಎಂಐ 44ರ ಹತ್ತಿರ ಇತ್ತು. ಹಳೆಯ ಡಯಟ್ ಚೀಟಿ, ಜಿಮ್ಮಿನ ರಶೀದಿ, ತಾರೀಕು ಹಾಕಿ ತೂಕ ಬರೆದ ಡಾಕ್ಟರ ಚೀಟಿ, ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಎರಡನೇ ಸಲ ಫೈಲು ಕೊಟ್ಟಾಗ ಎರಡೂವರೆ ಲಕ್ಷದಷ್ಟು ಬಂತು. ನಿಮ್ಮದು ಹೇಗಿದ್ದರೂ ಇರಲಿ, ಚೀಟಿ ಬಿಸಾಡಬೇಡಿ.

ಬಿಲ್ಲಿನಲ್ಲಿ ಬಾರದ ಖರ್ಚೂ ಇದೆ. ವಿಟಮಿನ್, ಕ್ಯಾಲ್ಸಿಯಂ ಸಿಟ್ರೇಟ್, ಕಬ್ಬಿಣ ಸೇರಿ ತಿಂಗಳಿಗೆ ಸಾವಿರದ ಮೇಲೆ. ಮೂರ್ನಾಲ್ಕು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಅದು ನಾಲ್ಕೈದು ಸಾವಿರ. ಮೊದಲ ಹತ್ತು ಹನ್ನೆರಡು ದಿನ ಮಂಗಳೂರಲ್ಲೇ ನೆಂಟರ ಮನೆಯಲ್ಲಿದ್ದೆ. ಹೊಲಿಗೆ ಸೋರುವ ಅಪಾಯ ಜಾಸ್ತಿ ಇರುವುದು ಆ ದಿನಗಳಲ್ಲೇ. ಜ್ವರ, ನಾಡಿ ವಿಪರೀತ ಜೋರು, ಎಡ ಭುಜದಲ್ಲಿ ನೋವು ಅಂತ ಶುರುವಾದರೆ ಕಾಸರಗೋಡಿನ ಬದಿಯಡ್ಕದ ಒಳಗಿನ ನಮ್ಮ ಮನೆಯಿಂದ ಆ ಮಳೆಯಲ್ಲಿ ಮಂಗಳೂರು ಮುಟ್ಟುವುದು ಯಾವಾಗ? 2020ರಲ್ಲಿ ಕೊರೋನಾ ಹೊತ್ತಿಗೆ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ನೋಡಿದವನು ನಾನು. ಆ ದಿನಗಳಲ್ಲಿ ಆಸ್ಪತ್ರೆಯ ಹತ್ತಿರ ಇರುವುದಕ್ಕೆ ಖರ್ಚು ಮಾಡಿದ ದುಡ್ಡಿಗೆ ನನಗೆ ಬೇಸರ ಇಲ್ಲ.

ಈಗ ಮುಖ್ಯ ವಿಷಯ, ಪ್ರೋಟೀನ್. ದಿನಕ್ಕೆ 60ರಿಂದ 80 ಗ್ರಾಂ ಬೇಕು ಅಂದರು. ಅರ್ಧ ಲೋಟ ಕುಡಿದರೆ ತುಂಬುವ ಹೊಟ್ಟೆಗೆ ಅಷ್ಟು ಇಳಿಸುವುದು ಹೇಗೆ? ಡಬ್ಬಿಯ ಪೌಡರ್ ತಂದೆ, ಚಾಕ್ಲೇಟ್ ರುಚಿಯದ್ದು. ಸಿಹಿ ಗಂಟಲಲ್ಲೇ ನಿಂತು ವಾಂತಿ ಬರುವ ಹಾಗಾಯಿತು. ಬೇರೆ ರುಚಿಯದ್ದು ತಂದೆ, ಅದೂ ಹಾಗೆಯೇ. ಎರಡು ಡಬ್ಬಿಗೆ ಆರೇಳು ಸಾವಿರ ಹೋಯಿತು. ಸೋಯಾ ಚಂಕ್ಸ್ ಹುಡಿ ಮಾಡಿ ಸಾರಿಗೆ ಹಾಕಿದೆ. ಲೆಕ್ಕಕ್ಕೆ ಅದರಲ್ಲಿ ಪ್ರೋಟೀನ್ ಬಹಳ ಇದೆ, ಆದರೆ ಹೊಟ್ಟೆಯಲ್ಲಿ ಉಬ್ಬಿಕೊಂಡು ಎದೆ ಹಿಡಿದ ಹಾಗಾಯಿತು. ಮೊದಲ ತಿಂಗಳು 40 ಗ್ರಾಂ ದಾಟಿದ ನೆನಪಿಲ್ಲ.

ದಾರಿ ಸಿಕ್ಕಿದ್ದು ಕೊಟ್ಟಿಗೆಯಿಂದ. ಮನೆಯ ಹಾಲು ಕಾಯಿಸಿ ಕೆನೆ ತೆಗೆದು, ಉಗುರು ಬೆಚ್ಚಗಿರುವಾಗ ಕೆನೆರಹಿತ ಹಾಲಿನ ಪುಡಿ ಕದಡಿ ಹೆಪ್ಪು ಹಾಕಿದೆ. ಮರುದಿನ ಆ ಮೊಸರನ್ನು ತೆಳು ಬೈರಾಸಿನಲ್ಲಿ (ಹೆಗಲ ಬಟ್ಟೆಯಲ್ಲಿ) ಕಟ್ಟಿ, ಅಡುಗೆಮನೆಯ ಕಿಟಕಿ ಸರಳಿಗೆ ತೂಗಿಸಿ, ಕೆಳಗೆ ಪಾತ್ರೆ ಇಟ್ಟೆ. ಮೂರ್ನಾಲ್ಕು ಗಂಟೆಯಲ್ಲಿ ನೀರೆಲ್ಲ ಇಳಿದು, ಬಟ್ಟೆ ಬಿಚ್ಚಿದರೆ ಮೇಲೆ ಬೈರಾಸಿನ ನೇಯ್ಗೆಯ ಗೆರೆ ಮೂಡಿದ ಬೆಣ್ಣೆಯಂಥ ಮುದ್ದೆ. ಅದಕ್ಕೆ ಚಿಟಿಕೆ ಉಪ್ಪು, ಜೀರಿಗೆ ಹುಡಿ. ಚಮಚದ ತುದಿಯಲ್ಲಿ ತೆಗೆದು ತಿಂದರೆ ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಇಳಿಯಿತು. ಬಸಿದ ನೀರನ್ನು ಚೆಲ್ಲಬೇಡಿ. ಒಂದೆಲಗದ ತಂಬುಳಿಗೆ ಮಜ್ಜಿಗೆಯ ಬದಲು ಅದನ್ನೇ ಹಾಕಿದೆ, ರುಚಿ ಚೆನ್ನಾಗಿಯೇ ಬಂತು.

ಅಂದಾಜು ಲೆಕ್ಕ ಹೀಗೆ. ಮೊಸರಿನ ಮುದ್ದೆ 150 ಗ್ರಾಂ ತಿಂದರೆ 15 ಗ್ರಾಂ ಪ್ರೋಟೀನ್. ಅರ್ಧ ಲೀಟರ್ ಹಾಲಿಗೆ ಮೂರ್ನಾಲ್ಕು ದೊಡ್ಡ ಚಮಚ ಹಾಲಿನ ಪುಡಿ ಕದಡಿ ದಿನವಿಡೀ ಗುಟುಕರಿಸಿದರೆ 25. ಮನೆಯಲ್ಲೇ ಮಾಡಿದ ಪನೀರ್ 80 ಗ್ರಾಂ ಅಂದರೆ 14. ಉಳಿದದ್ದು ಹುರುಳಿಯಿಂದ. ಹುರುಳಿ ಹುರಿದು ಹುಡಿ ಮಾಡಿ, ಅದಕ್ಕೆ ಇನ್ನೆರಡು ಸಾಮಾನು ಸೇರಿಸಿ ನಾನೊಂದು ಹುಡಿ ಮಾಡಿಟ್ಟಿದ್ದೇನೆ. ಅದರ ಅಳತೆ ನಮ್ಮ ಮನೆಯಲ್ಲೇ ಇರಲಿ, ಮನೆಗೆ ಬಂದವರಿಗೆ ಕುಡಿಸಿ ಕಳಿಸುತ್ತೇನೆ. ಮೂರನೇ ತಿಂಗಳಿಂದ 60 ದಾಟಿತು, ಆಮೇಲೆ ಇಳಿಯಲಿಲ್ಲ. ಆರು ತಿಂಗಳ ರಕ್ತ ಪರೀಕ್ಷೆಯಲ್ಲಿ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಸರಿಯಾಗಿಯೇ ಬಂತು. ಡಯಟೀಶಿಯನ್ ನನ್ನ ಹತ್ತಿರವೇ ಕೇಳಿ ಮೊಸರಿನ ವಿಧಾನ ಬರೆದುಕೊಂಡರು.

ನಮ್ಮ ಊಟದಲ್ಲಿ ಎಚ್ಚರ ಬೇಕಾದದ್ದು ಗಂಜಿ. ಕುಚ್ಚಲಕ್ಕಿ ಗಂಜಿ ತೆಳ್ಳಗೆ ಜಾರಿಹೋಗುತ್ತದೆ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಗಂಟೆ ಕಳೆದರೆ ಇನ್ನೊಂದು ಬಟ್ಟಲು ಹಿಡಿಯುತ್ತದೆ. ಪಾಯಸವೂ ಹಾಗೆಯೇ, ಚಹಾದಲ್ಲಿ ಅದ್ದಿದ ಬಿಸ್ಕೇಟೂ ಹಾಗೆಯೇ. ಎರಡನೇ ವರ್ಷದಲ್ಲಿ ತೂಕ ವಾಪಸ್ ಬಂದ ಇಬ್ಬರು ಮೂವರನ್ನು ನಾನು ಬಲ್ಲೆ, ಅವರೆಲ್ಲರದ್ದೂ ಇದೇ ದಾರಿ. ಊಟಕ್ಕೂ ನೀರಿಗೂ ಮಧ್ಯೆ ಅರ್ಧ ಗಂಟೆ ಅಂತರ ಇರಲಿ ಅನ್ನುವುದು ಇದಕ್ಕೇ. ಗಟ್ಟಿ ಅನ್ನ ಇನ್ನೊಂದು ರೀತಿ. ಅವಸರದಲ್ಲಿ ನುಂಗಿದರೆ ಎದೆಯ ನಡುವೆ ನಿಂತು ಬಾಯಿ ತುಂಬ ನೊರೆ ಬರುತ್ತದೆ. ವಾಂತಿ ಬಿಡದೆ ಬರುತ್ತಲೇ ಇದ್ದರೆ ಎರಡು ದಿನ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬಿ1 ವಿಟಮಿನ್ ಬರಿದಾದರೆ ನರಕ್ಕೇ ಪೆಟ್ಟು.

ತೂಕ ನಿಲ್ಲುವ ವಿಷಯ. ಮೂರನೇ ನಾಲ್ಕನೇ ವಾರದ ಹೊತ್ತಿಗೆ ಮುಳ್ಳು ಅಲ್ಲಾಡಲಿಲ್ಲ. ಆಪರೇಷನ್ ಫೇಲ್ ಅಂತ ಮನೆಯಲ್ಲೇ ಮಾತು ಶುರುವಾಯಿತು. ನಾನು ಅಡಿಕೆ ತೂಗುವ ತಕ್ಕಡಿಯಲ್ಲೂ ನಿಂತು ನೋಡಿದೆ, ಅದೂ ಅಷ್ಟೇ ತೋರಿಸಿತು. ಆದರೆ ಉಡುವ ಮುಂಡು (ಪಂಚೆ) ಬೇರೆ ಹೇಳುತ್ತಿತ್ತು. ಮೊದಲು ಒಂದು ಸುತ್ತಿಗೆ ಅಂಚು ಸಿಗದೆ ಒದ್ದಾಡುತ್ತಿದ್ದದ್ದು ಈಗ ಗೇಣು ದಾಟಿ ಒಳಗೆ ಹೋಗುತ್ತಿತ್ತು. ಎರಡು ವಾರ ಬಿಟ್ಟು ತೂಕ ಮತ್ತೆ ಇಳಿಯಿತು.

ಗಂಡಸರು ಇಲ್ಲಿ ಕಳೆದುಕೊಳ್ಳುವುದು ಸ್ನಾಯು. ಬರೀ ನಡೆದರೆ ಸಾಲದು. ಸುಮಾರು ಆರು ವಾರ ಭಾರ ಎತ್ತಬಾರದು ಅಂದಿದ್ದರು. ಅದು ಮುಗಿದು ಡಾಕ್ಟರು ಒಪ್ಪಿದ ಮೇಲೆ ಗೋಣಿಚೀಲಕ್ಕೆ ಐದು ಕಿಲೋ ಒಣ ಅಡಿಕೆ ತುಂಬಿ, ಎದೆಗೆ ಅಪ್ಪಿಕೊಂಡು ಕೂತು ಏಳುವುದು ಶುರು ಮಾಡಿದೆ. ಮೆಲ್ಲಮೆಲ್ಲನೆ ಭಾರ ಹೆಚ್ಚಿಸಿದೆ. ವರ್ಷ ತುಂಬುವಾಗ 25 ಕಿಲೋ ದಾಟಿತ್ತು. ಆಪರೇಷನ್ ಆದ ಮೇಲೆ ಜಿಮ್ಮಿಗೆ ಒಂದು ರೂಪಾಯಿ ಕೊಟ್ಟಿಲ್ಲ.

ಬಿಪಿ ಮಾತ್ರೆ ಹಳೆಯ ಲೆಕ್ಕದಲ್ಲೇ ನುಂಗುತ್ತಿದ್ದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಸಕ್ಕರೆಯ ಮಾತ್ರೆಯೂ ಹಾಗೆಯೇ. ಮೊದಲ ವಾರಗಳಲ್ಲೇ ಡಾಕ್ಟರ ಹತ್ತಿರ ಪ್ರಮಾಣ ಇಳಿಸಿಕೊಳ್ಳಿ. ಸೊಂಟ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ನುಂಗುವ ಅಭ್ಯಾಸ ನಮ್ಮ ತೋಟದವರಲ್ಲಿ ಬಹಳ. ಅದನ್ನು ನಿಲ್ಲಿಸಿ, ಹುಣ್ಣಾಗುತ್ತದೆ. ಹೊಗೆಸೊಪ್ಪು ಹಾಕಿದ ಎಲೆಯಡಿಕೆಯೂ ಬೇಡ. ಕುಡಿಯುವವರಿಗೆ ಒಂದು ಮಾತು: ಈ ಹೊಟ್ಟೆಯಲ್ಲಿ ಒಂದು ಪೆಗ್ಗೂ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಜಾಸ್ತಿ. ಪಿತ್ತದ ಕಲ್ಲು ಬಾರದ ಹಾಗೆ ಆರು ತಿಂಗಳು ಕೊಟ್ಟ ಮಾತ್ರೆಯನ್ನು ನಾನು ಪೂರ್ತಿ ನುಂಗಿದೆ. ನಡುವೆ ಬಿಟ್ಟ ಗೆಳೆಯನಿಗೆ ಆಮೇಲೆ ಪಿತ್ತಕೋಶವನ್ನೇ ತೆಗೆಸಬೇಕಾಯಿತು.

ನಾಲ್ಕನೇ ತಿಂಗಳಿಗೆ ತಲೆಗೂದಲು ಉದುರಿತು, ವರ್ಷದೊಳಗೆ ಬಂತು. ಗೊರಕೆ ಪೂರ್ತಿ ನಿಂತಿತು. ತೂಕ ಇಳಿದ ಹಾಗೆ ಗಂಡಸರ ಹಾರ್ಮೋನು ಟೆಸ್ಟೋಸ್ಟಿರಾನ್ ಏರುತ್ತದೆ. ನಾವು ಯಾರ ಹತ್ತಿರವೂ ಕೇಳದ ವಿಷಯ ಇದು. ನನ್ನ ಸಂಸಾರಕ್ಕೂ ಅದರಿಂದ ಒಳ್ಳೆಯದೇ ಆಗಿದೆ ಅಂತ ಇಲ್ಲಿ ಹೇಳಿಬಿಡುತ್ತೇನೆ.

ಹಂತಿಯ ಊಟ ಮೊದಲು ಎದುರಾದದ್ದು ಚೌತಿಗೆ. ಸುಧರಿಕೆಯವರು (ಬಡಿಸುವವರು) ಒತ್ತಾಯ ಮಾಡದೆ ಬಿಡುವವರಲ್ಲ. ಎಲೆಯ ಮುಂದೆ ಕೂರದೆ ಸುಧರಿಕೆಗೇ ನಿಂತೆ. ಸೌಟು ಹಿಡಿದವನಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ಈಗಲೂ ಜಂಬ್ರದ (ಸಮಾರಂಭದ) ಮನೆಗಳಲ್ಲಿ ಹಾಗೆಯೇ ಮಾಡುತ್ತೇನೆ, ಕೊನೆಯ ಹಂತಿಯಲ್ಲಿ ನನಗೆ ಬೇಕಾದಷ್ಟೇ ಬಡಿಸಿಕೊಳ್ಳುತ್ತೇನೆ.

ಈಗ ಉಳಿದಿರುವುದು ಎದೆ, ಹೊಟ್ಟೆಯ ಜೋಲು ಚರ್ಮ. ಅಂಗಿ ತೆಗೆದು ದೇವಸ್ಥಾನದೊಳಗೆ ಹೋಗುವ ಊರು ನಮ್ಮದು, ಎಲ್ಲರ ಕಣ್ಣಿಗೂ ಬೀಳುತ್ತದೆ. ವಿಚಾರಿಸಿದಾಗ ಒಂದೂವರೆ ಎರಡು ಲಕ್ಷ ಅಂದರು, ಇನ್ಶೂರೆನ್ಸ್ ಕೊಡುವುದಿಲ್ಲ. ತೂಕ ಒಂದೇ ಕಡೆ ನಿಂತ ಮೇಲೆ ಮಾಡಿಸಿದರೆ ಒಳ್ಳೆಯದು ಅಂತ ಸಲಹೆ. ಈ ಸಲದ ಅಡಿಕೆಗೆ ರೇಟು ನಿಂತರೆ ಮುಂದಿನ ಆಟಿಗೆ ದಿನ ಇಡುತ್ತೇನೆ.