ಹಾಡು-ಹಾಸ್ಯದ ಚಿತ್ರದಲ್ಲಿ ಕಂಟಿನ್ಯುಟಿ ತಪ್ಪು ಹುಡುಕುವ ಕ್ರಮ

ಹಾಡು, ಕುಣಿತ, ಹಾಸ್ಯ ಮೂರೂ ಬೆರೆತ ಚಿತ್ರದಲ್ಲಿ ಕಂಟಿನ್ಯುಟಿ ತಪ್ಪುಗಳನ್ನು ಗುರುತಿಸಿ ಪಟ್ಟಿ ಮಾಡುವುದು ಬೇರೆ ಬಗೆಯ ಚಿತ್ರಗಳಲ್ಲಿ ಮಾಡುವುದಕ್ಕಿಂತ ಕಷ್ಟದ ಕೆಲಸ. ಕಂಟಿನ್ಯುಟಿ ಎಂದರೆ ಒಂದರ ಹಿಂದೆ ಒಂದು ಬರುವ ಶಾಟ್‌ಗಳಲ್ಲಿ ವಸ್ತು, ಬಟ್ಟೆ, ಬೆಳಕು ಎಲ್ಲ ಒಂದಕ್ಕೊಂದು ಹೊಂದಿಕೊಂಡು ಬರುವುದು. ಇಲ್ಲಿ ಕೆಲವು ತಪ್ಪುಗಳನ್ನು ನಗಿಸಲೆಂದೇ ಇಟ್ಟಿರುತ್ತಾರೆ, ಕೆಲವನ್ನು ಆ ಬಗೆಯ ಚಿತ್ರಗಳ ರೂಢಿಯೆಂದು ಒಪ್ಪಿಕೊಂಡಿರುತ್ತಾರೆ, ಉಳಿದ ಕೆಲವು ಮಾತ್ರ ನಿಜವಾಗಿಯೂ ಯಾರದೋ ಕಣ್ತಪ್ಪಿನಿಂದ ನುಸುಳಿರುತ್ತವೆ. ಈ ಮೂರನ್ನೂ ಒಂದೇ ಪಟ್ಟಿಗೆ ಸುರಿದರೆ ಅದರಿಂದ ಚಿತ್ರ ನೋಡುವವರಿಗೂ ಪ್ರಯೋಜನವಿಲ್ಲ, ಚಿತ್ರ ತೆಗೆಯಲು ಕಲಿಯುತ್ತಿರುವವರಿಗೂ ಪ್ರಯೋಜನವಿಲ್ಲ. ಅಭ್ಯಾಸಕ್ಕೆ ನಾನು ಆರಿಸಿಕೊಂಡಿರುವುದು 1952ರ ‘ಸಿಂಗಿನ್ ಇನ್ ದ ರೇನ್’. ಜೀನ್ ಕೆಲಿ ಮತ್ತು ಸ್ಟ್ಯಾನ್ಲಿ ಡೋನೆನ್ ಎಂಜಿಎಂ ಸ್ಟುಡಿಯೋಗಾಗಿ ಜಂಟಿಯಾಗಿ ನಿರ್ದೇಶಿಸಿದ ಈ ಚಿತ್ರದ ಕಥೆ 1927ರಲ್ಲಿ ನಡೆಯುತ್ತದೆ. ಮೂಕಿ ಚಿತ್ರಗಳು ಟಾಕಿಯಾಗುವ ಗಳಿಗೆಯಲ್ಲಿ ಹಾಲಿವುಡ್‌ನ ಒಂದು ಸ್ಟುಡಿಯೋ ಪಟ್ಟ ಪಾಡೇ ಅದರ ಹಾಸ್ಯ. ಹಾಗಾಗಿ ಚಿತ್ರ ತಯಾರಿಕೆಯ ತಪ್ಪುಗಳೇ ಇಲ್ಲಿ ಕಥಾವಸ್ತು, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ತೋರಿಲ್ಲ.

ಮೊದಲ ಸಲ ನೋಡುವಾಗ ಪೆನ್ನು ಹಿಡಿಯಬೇಡಿ, ಎಲ್ಲೂ ನಿಲ್ಲಿಸಬೇಡಿ. ಸರಾಗವಾಗಿ ನೋಡುವಾಗಲೇ ಕಣ್ಣಿಗೆ ಚುಚ್ಚಿದ ತಪ್ಪು ಬೇರೆ, ಫ್ರೇಮ್ ಫ್ರೇಮಾಗಿ ಹಿಂದೆ ಮುಂದೆ ಓಡಿಸಿ ಕಂಡುಕೊಂಡದ್ದು ಬೇರೆ. ಪಟ್ಟಿಯಲ್ಲಿ ಮೊದಲನೆಯದಕ್ಕೆ ಹೆಚ್ಚಿನ ಬೆಲೆ ಕೊಡಬೇಕು. ಒಂದು ಸಲ ನಿಲ್ಲಿಸಿ ನೋಡಿದ ಮೇಲೆ ಈ ವ್ಯತ್ಯಾಸವನ್ನು ಮತ್ತೆ ಅಳೆಯಲಾಗುವುದಿಲ್ಲ.

ಎರಡನೆಯ ಸಲಕ್ಕೆ ಮೊದಲು ನಿಮ್ಮ ಕೈಯಲ್ಲಿರುವ ಪ್ರತಿ ಯಾವುದೆಂದು ಪರೀಕ್ಷಿಸಿಕೊಳ್ಳಿ. ಈ ಚಿತ್ರವನ್ನು ತೆಗೆದದ್ದು 1.37ಕ್ಕೆ 1ರ ಅನುಪಾತದ, ಹೆಚ್ಚು ಕಡಿಮೆ ಹಳೆಯ ಟಿವಿ ಪರದೆಯ ಆಕಾರದ ಚೌಕಟ್ಟಿನಲ್ಲಿ. ಇಂದಿನ ಅಗಲ ಪರದೆಯ ತುಂಬ ಅದು ಹರಡಿಕೊಂಡಿದ್ದರೆ ಯಾರೋ ಮೇಲೆ ಕೆಳಗೆ ಕತ್ತರಿಸಿದ್ದಾರೆ ಎಂದೇ ಅರ್ಥ. ಆಗ ಕುಣಿಯುವವರ ಪಾದ ಕಾಣದಿದ್ದರೆ ಅದಕ್ಕೆ ಛಾಯಾಗ್ರಾಹಕರು ಹೊಣೆಯಲ್ಲ. ಇದರ ತಿರುವುಮುರುವೂ ಉಂಟು. 1950ರ ದಶಕದ ನಡುವಿನಿಂದ ಈಚೆಗೆ ಎಷ್ಟೋ ಚಿತ್ರಗಳನ್ನು ಪೂರ್ಣ ಚೌಕಟ್ಟಿನಲ್ಲಿ ಚಿತ್ರೀಕರಿಸಿ, ಥಿಯೇಟರಿನ ಪ್ರೊಜೆಕ್ಟರಿನಲ್ಲಿ ಮೇಲಂಚು ಕೆಳಂಚುಗಳನ್ನು ಮರೆಮಾಡಿ ತೋರಿಸುತ್ತಿದ್ದರು. ಟಿವಿಗಾಗಿ ಆ ಮರೆಯನ್ನು ತೆಗೆದಾಗ ಮೇಲಿನಿಂದ ಇಣುಕುವ ಮೈಕನ್ನು ಚಿತ್ರತಂಡದ ತಪ್ಪೆಂದು ಬರೆದವರು ಬಹಳ ಮಂದಿ. ವೇಗವನ್ನೂ ಗಮನಿಸಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಭಾರತದಲ್ಲೂ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಟಿವಿಗೆ 25 ಫ್ರೇಮಿನಲ್ಲಿ ಓಡಿಸಿದರೆ ಅದು ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ; 103 ನಿಮಿಷದ ಈ ಚಿತ್ರ 99 ನಿಮಿಷಕ್ಕೆ ಇಳಿಯುತ್ತದೆ, ಜತೆಗೆ ಹಾಡಿನ ಶ್ರುತಿ ಅರ್ಧ ಸ್ವರಕ್ಕೆ ಹತ್ತಿರ ಏರುತ್ತದೆ. ಹಳೆಯ ಡಿವಿಡಿ ಹಾಕಿಕೊಂಡು ‘ಗಾಯಕರ ದನಿ ಸಹಜವಾಗಿಲ್ಲ’ ಎಂದು ಷರಾ ಬರೆಯುವ ಮೊದಲು ಒಟ್ಟು ಅವಧಿಯನ್ನು ನೋಡಿಕೊಂಡರೆ ಸಾಕು.

ಇನ್ನು ಕಥೆಯೇ ಬಯಸುವ ತಪ್ಪುಗಳನ್ನು ಮೊದಲು ಬದಿಗೆ ತೆಗೆದಿಡಬೇಕು. ಈ ಚಿತ್ರದೊಳಗೆ ‘ದ ಡ್ಯುಯಲಿಂಗ್ ಕ್ಯಾವಲಿಯರ್’ ಎಂಬ ಇನ್ನೊಂದು ಚಿತ್ರದ ಚಿತ್ರೀಕರಣ ನಡೆಯುತ್ತದೆ. ನಾಯಕಿ ಲೀನಾ ಲಮಾಂಟ್ ಎದುರಿನ ಗಿಡದಲ್ಲಿ ಮೈಕ್ ಬಚ್ಚಿಟ್ಟರೆ ಆಕೆ ಮುಖ ತಿರುಗಿಸಿದಾಗಲೆಲ್ಲ ಮಾತು ಮಾಯವಾಗುತ್ತದೆ, ಎದೆಯ ಬಳಿ ಸಿಕ್ಕಿಸಿದರೆ ಮಾತಿಗಿಂತ ಎದೆಬಡಿತವೇ ಜೋರಾಗಿ ಕೇಳುತ್ತದೆ, ಕೊನೆಗೆ ಭುಜಕ್ಕೆ ಏರಿಸುತ್ತಾರೆ. ಅದರ ಪೂರ್ವಪ್ರದರ್ಶನದಲ್ಲಿ ಮುತ್ತಿನ ಸರದ ಸದ್ದು ಕಿವಿಗೆ ರಾಚುತ್ತದೆ. ಬಳಿಕ ಧ್ವನಿ ಚಿತ್ರದಿಂದ ಜಾರಿ, ‘ಬೇಡ ಬೇಡ’ ಎಂದು ತಲೆಯಾಡಿಸುವ ನಾಯಕಿಯ ಬಾಯಿಂದ ಖಳನ ಗಡಸು ದನಿಯ ‘ಹೌದು ಹೌದು’ ಹೊರಡುತ್ತದೆ, ‘ಹೌದು’ ಎಂದು ತಲೆದೂಗುವ ಖಳನ ಬಾಯಲ್ಲಿ ಆಕೆಯ ಕೀಚಲು ‘ಬೇಡ’ ಕೇಳುತ್ತದೆ. ಇವೆಲ್ಲ ನಿಖರವಾಗಿ ಅಳೆದು ಮಾಡಿದ ತಪ್ಪುಗಳು. ಆ ಕಾಲದ ವೈಟಾಫೋನ್ ಪದ್ಧತಿಯಲ್ಲಿ ಧ್ವನಿ ಫಿಲ್ಮಿನ ಮೇಲಿರುತ್ತಿರಲಿಲ್ಲ. ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗುವ, ಒಂದು ರೀಲಿಗೆ ಒಂದರಂತೆ ಇರುತ್ತಿದ್ದ ದೊಡ್ಡ ತಟ್ಟೆಗಳಲ್ಲಿರುತ್ತಿತ್ತು. ಫಿಲ್ಮ್ ಹರಿದು ಹತ್ತು ಫ್ರೇಮ್ ಹೋದರೆ ಅಷ್ಟೇ ಉದ್ದದ ಕಪ್ಪು ಫಿಲ್ಮನ್ನು ಅಲ್ಲಿ ಅಂಟಿಸಬೇಕಿತ್ತು, ಇಲ್ಲವಾದರೆ ಆ ರೀಲು ಮುಗಿಯುವವರೆಗೂ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತಿತ್ತು. ನಿಜವಾಗಿ ನಡೆಯುತ್ತಿದ್ದ ಈ ಎಡವಟ್ಟನ್ನೇ ಚಿತ್ರ ನಗೆಗೆ ಬಳಸಿಕೊಂಡಿದೆ. ಹಾಸ್ಯ ಚಿತ್ರದಲ್ಲಿ ಏನಾದರೂ ತಪ್ಪೆನಿಸಿದ ಕೂಡಲೇ ಪರದೆಯ ಮೇಲಿನ ಪಾತ್ರಗಳಲ್ಲಿ ಯಾರಾದರೂ ಅದಕ್ಕೆ ಬೆಚ್ಚಿದ್ದಾರೆಯೇ, ನಕ್ಕಿದ್ದಾರೆಯೇ ಎಂದು ನೋಡಿ. ಯಾರಾದರೂ ಗಮನಿಸಿದ್ದರೆ ಅದು ನಿಮ್ಮ ಪಟ್ಟಿಗೆ ಸೇರುವುದಿಲ್ಲ.

ಈಗ ಹಾಡಿನ ದೃಶ್ಯಗಳಿಗೆ ಬರೋಣ. ನಿಜವಾದ ಬೇಟೆ ಇರುವುದು ಇಲ್ಲೇ. ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಸೆಟ್ಟಿನಲ್ಲಿ ಅದನ್ನು ಹಾಕಿ, ಅದಕ್ಕೆ ತಕ್ಕಂತೆ ಕಲಾವಿದರು ತುಟಿಯಾಡಿಸುತ್ತಾರೆಂಬುದು ನಮ್ಮ ಓದುಗರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಇದರಿಂದ ಕಂಟಿನ್ಯುಟಿಗೆ ಆಗುವ ಪರಿಣಾಮವನ್ನು ಮಾತ್ರ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಬೆಳಗ್ಗೆ ತೆಗೆದ ಶಾಟಿಗೂ ಮರುದಿನ ಸಂಜೆ ತೆಗೆದ ಶಾಟಿಗೂ ಕೆಳಗೆ ಹರಿಯುವ ಧ್ವನಿ ಒಂದೇ ಆಗಿರುವುದರಿಂದ, ಎರಡೂ ಒಂದೇ ಗಳಿಗೆಯಲ್ಲಿ ನಡೆದವೆಂದು ಕಿವಿ ಒಪ್ಪಿಬಿಡುತ್ತದೆ, ಕಣ್ಣು ಕಿವಿಯ ಮಾತನ್ನು ನಂಬುತ್ತದೆ. ಆದ್ದರಿಂದ ಹಾಡಿನ ದೃಶ್ಯವನ್ನು ಎರಡನೆಯ ಸಲ ನೋಡುವಾಗ ಧ್ವನಿಯನ್ನು ಪೂರ್ತಿ ಬಂದ್ ಮಾಡಿ. ತಾಳ ಇಲ್ಲವಾದ ಕೂಡಲೇ ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವ ಪ್ರತಿ ಕಟ್ ಕೂಡ ಕಟ್ಟಾಗಿಯೇ ಕಾಣತೊಡಗುತ್ತದೆ. ಮೂರನೆಯ ಸಲ ಪರದೆಗೆ ಬೆನ್ನು ಹಾಕಿ ಧ್ವನಿಯನ್ನಷ್ಟೇ ಕೇಳಿ: ಮಾತು ನಿಂತು ಹಾಡು ಶುರುವಾಗುವಾಗ ಕೋಣೆಯ ಗುಂಗು ಬದಲಾಗುವುದು, ಓಡಿ ಬಂದವನು ಏದುಸಿರಿಲ್ಲದೆ ಪಲ್ಲವಿ ಎತ್ತಿಕೊಳ್ಳುವುದು ಆಗ ತಿಳಿಯುತ್ತವೆ. ಎಲ್ಲೂ ಕಾಣದ ವಾದ್ಯವೃಂದ ಹಿನ್ನೆಲೆಯಲ್ಲಿ ನುಡಿಸಿತೆಂದು ಮಾತ್ರ ಬರೆಯಬೇಡಿ. ಅದು ರೂಢಿ, ಅದನ್ನು ತಪ್ಪೆಂದರೆ ಈ ಬಗೆಯ ಚಿತ್ರಗಳನ್ನೇ ತಪ್ಪೆನ್ನಬೇಕಾಗುತ್ತದೆ.

ಕಟ್‌ಗಳನ್ನು ಪರೀಕ್ಷಿಸುವ ಬಗೆ ಹೀಗೆ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀಲಿಯನ್ನು ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಕಟ್‌ಗೆ ಹಿಂದಿನ ಕೊನೆಯ ಫ್ರೇಮನ್ನೂ ನಂತರದ ಮೊದಲ ಫ್ರೇಮನ್ನೂ ಎದುರುಬದುರಾಗಿ ಇಟ್ಟುಕೊಂಡು, ಕೈಯಲ್ಲಿರುವ ವಸ್ತು, ತಲೆಯ ಮೇಲಿನ ಟೋಪಿ, ಕೂದಲು, ಬಟ್ಟೆಯ ಮಡಿಕೆ, ಲೋಟದಲ್ಲಿನ ಮಟ್ಟ, ಬೆಳಕು ಬೀಳುವ ದಿಕ್ಕು ಇವನ್ನು ಇದೇ ಅನುಕ್ರಮದಲ್ಲಿ ನೋಡಿ. ಕೈಯನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ: ಹತ್ತಿರದ ಶಾಟಿನಲ್ಲಿ ಕಲಾವಿದರ ಮನಸ್ಸೆಲ್ಲ ಮುಖದ ಮೇಲಿರುತ್ತದೆ, ದೂರದ ಶಾಟಿನಲ್ಲಿ ಬಲಗೈಯಲ್ಲಿದ್ದ ವಸ್ತು ಅಲ್ಲಿ ಎಡಗೈಗೆ ಹೋದದ್ದು ಅವರ ಅರಿವಿಗೇ ಬಂದಿರುವುದಿಲ್ಲ. ಅಭ್ಯಾಸಕ್ಕೆ ‘ಗುಡ್ ಮಾರ್ನಿಂಗ್’ ಹಾಡು ಹೇಳಿ ಮಾಡಿಸಿದಂತಿದೆ. ಮೂವರು ಕುಣಿಯುತ್ತಾರೆ, ಮಳೆಕೋಟುಗಳನ್ನೇ ಆಟದ ಸಾಮಾನು ಮಾಡಿಕೊಂಡು ಒಂದು ಸಲ ಲಂಗ, ಇನ್ನೊಂದು ಸಲ ಗೂಳಿಕಾಳಗದ ಬಟ್ಟೆ ಎಂಬಂತೆ ಬಳಸುತ್ತಾರೆ, ಕೊನೆಗೆ ಸೋಫಾವನ್ನೇ ಉರುಳಿಸುತ್ತಾರೆ. ಮೂವರನ್ನೂ ಒಟ್ಟಿಗೆ ಗಮನಿಸಹೊರಟರೆ ಏನೂ ಸಿಗುವುದಿಲ್ಲ. ಒಂದು ಸಲಕ್ಕೆ ಒಬ್ಬರನ್ನು, ಸಾಧ್ಯವಾದರೆ ಒಂದು ಕೋಟನ್ನು ಮಾತ್ರ ಹಿಂಬಾಲಿಸಿ.

ಮಳೆಯ ಹಾಡಿನ ವಿಚಾರ ಬೇರೆ. ಕೆಲಿ ಮತ್ತು ಡೋನೆನ್ ಕುಣಿತವನ್ನು ತಲೆಯಿಂದ ಕಾಲಿನವರೆಗೆ ತೋರಿಸುವ ಉದ್ದನೆಯ ಶಾಟ್‌ಗಳಲ್ಲಿ ಹಿಡಿಯುತ್ತಿದ್ದುದರಿಂದ ಕಟ್‌ಗಳೇ ಕಡಿಮೆ. ಕಟ್ ಕಡಿಮೆಯಾದಷ್ಟೂ ತಪ್ಪಿಗೆ ಜಾಗವೂ ಕಡಿಮೆ. ಇಲ್ಲಿ ಗಮನಿಸಬೇಕಾದದ್ದು ಒದ್ದೆಯನ್ನು. ಟೋಪಿ ಬಿದ್ದರೆ ಮತ್ತೆ ಹಾಕಿಕೊಳ್ಳಬಹುದು, ಒದ್ದೆಯಾದ ಕೋಟು ಹಾಡು ಮುಗಿಯುವುದರೊಳಗೆ ಒಣಗುವಂತಿಲ್ಲ. ನಾಯಕ ಕೊಡೆ ಮಡಚುವಾಗ, ದೀಪದ ಕಂಬ ಹತ್ತುವಾಗ, ಸುರಿಯುವ ಕೊಳವೆಯ ಕೆಳಗೆ ನಿಲ್ಲುವಾಗ, ಕೊನೆಗೆ ದಾರಿಹೋಕನ ಕೈಗೆ ಕೊಡೆ ಕೊಟ್ಟು ನಡೆಯುವಾಗ ಅವನ ಹೆಗಲ ಮೇಲಿನ ಬಟ್ಟೆಯ ಬಣ್ಣ ಎಷ್ಟು ಗಾಢವಾಗಿದೆಯೆಂದು ಗುರುತು ಹಾಕಿಕೊಳ್ಳುತ್ತ ಹೋಗಿ. ಕಾಲಿನ ಟಪಟಪ ಸದ್ದನ್ನು ನಂತರ ಬೇರೆಯಾಗಿ ಮುದ್ರಿಸಿ ಸೇರಿಸುವುದು ಆ ಕಾಲದ ಕ್ರಮವಾಗಿತ್ತು. ಹೆಜ್ಜೆ ನೆಲ ಮುಟ್ಟುವ ಫ್ರೇಮಿಗೂ ಸದ್ದು ಹುಟ್ಟುವ ಫ್ರೇಮಿಗೂ ಎರಡು ಮೂರರ ಅಂತರವಿದ್ದರೆ ಅದನ್ನು ನಿರ್ದೇಶಕರ ಲೆಕ್ಕಕ್ಕೆ ಹಾಕದೆ ಧ್ವನಿ ವಿಭಾಗದ ಲೆಕ್ಕಕ್ಕೆ ಹಾಕಿ.

ದನಿಯ ಬಗ್ಗೆ ಈ ಚಿತ್ರದಲ್ಲಿ ಒಂದು ಸ್ವಾರಸ್ಯಕರ ತೊಡಕಿದೆ. ಕಥೆಯ ಪ್ರಕಾರ ಲೀನಾಳ ಕರ್ಕಶ ದನಿಗೆ ಬದಲಾಗಿ ಕ್ಯಾಥಿ ಎಂಬ ಹುಡುಗಿ ಮಾತನ್ನೂ ಹಾಡನ್ನೂ ಕೊಡುತ್ತಾಳೆ. ಕ್ಯಾಥಿಯ ಪಾತ್ರ ಮಾಡಿದವರು ಡೆಬಿ ರೆನಾಲ್ಡ್ಸ್. ಆದರೆ ‘ವುಡ್ ಯೂ’ ಹಾಡಿನಲ್ಲಿ ಕೇಳುವುದು ಬೆಟ್ಟಿ ನೋಯ್ಸ್ ಎಂಬ ಗಾಯಕಿಯ ದನಿ; ಮಾತಿನಲ್ಲಿ ಕೇಳುವುದು ಲೀನಾ ಪಾತ್ರಧಾರಿ ಜೀನ್ ಹೇಗನ್ ಅವರದೇ ಸಹಜ, ಮಧುರ ದನಿ. ಅಂದರೆ ಲೀನಾಳಿಗೆ ದನಿ ಕೊಡುವ ಕ್ಯಾಥಿಗೆ ದನಿ ಕೊಟ್ಟವರು ಲೀನಾಳೇ. ‘ಗುಡ್ ಮಾರ್ನಿಂಗ್’ ಕೇಳಿದ ಕಿವಿಯಿಂದಲೇ ‘ವುಡ್ ಯೂ’ ಕೇಳಿದರೆ ಒಂದೇ ಪಾತ್ರಕ್ಕೆ ಎರಡು ಕಂಠಗಳಿರುವುದು ಗೊತ್ತಾಗುತ್ತದೆ. ಇದು ತಪ್ಪೇ? ಹಿನ್ನೆಲೆ ಗಾಯನಕ್ಕೆ ಒಗ್ಗಿದ, ಗಾಯಕರ ಹೆಸರನ್ನು ಟೈಟಲ್ ಕಾರ್ಡಿನಲ್ಲೇ ಓದುವ ಕನ್ನಡ ಪ್ರೇಕ್ಷಕರು ಇದನ್ನು ತಪ್ಪೆನ್ನಲಾರರು. ಬೇರೆಯವರ ದನಿಯನ್ನು ಬಚ್ಚಿಟ್ಟದ್ದನ್ನೇ ಅನ್ಯಾಯವೆಂದು ತೋರಿಸುವ ಚಿತ್ರ ನೋಯ್ಸ್ ಅವರ ಹೆಸರನ್ನು ಟೈಟಲ್‌ನಲ್ಲಿ ಬಿಟ್ಟದ್ದು ಮಾತ್ರ ನನ್ನ ಮಟ್ಟಿಗೆ ಕೊಡೆಯ ಕೈ ಬದಲಾಗುವುದಕ್ಕಿಂತ ದೊಡ್ಡ ಲೋಪ, ಆದರೆ ಅದು ಕಂಟಿನ್ಯುಟಿಯ ಲೋಪವಲ್ಲ.

ಕಾಲದ ತಪ್ಪುಗಳಿಗೆ ಪ್ರತ್ಯೇಕ ಹಾಳೆ ಇಟ್ಟುಕೊಳ್ಳಿ. ಕಥೆ 1927ರದು, ಮಳೆಯ ಹಾಡು 1929ರದು, ‘ವುಡ್ ಯೂ’ 1936ರದು, ‘ಗುಡ್ ಮಾರ್ನಿಂಗ್’ 1939ರದು. ಮೇಲ್ನೋಟಕ್ಕೆ ಇದು ಸಾಲುಸಾಲು ಪ್ರಮಾದ. ಆದರೆ ನಿರ್ಮಾಪಕ ಆರ್ಥರ್ ಫ್ರೀಡ್ ತಾವೇ ಸಾಹಿತ್ಯ ಬರೆದು ನೇಸಿಯೊ ಹರ್ಬ್ ಬ್ರೌನ್ ರಾಗ ಹಾಕಿದ್ದ ಹಳೆಯ ಹಾಡುಗಳನ್ನು ಮುಂದಿಟ್ಟು, ಅವಕ್ಕೆ ಹೊಂದುವ ಕಥೆ ಹೆಣೆಯುವಂತೆ ಬೆಟ್ಟಿ ಕಾಮ್ಡನ್ ಮತ್ತು ಅಡಾಲ್ಫ್ ಗ್ರೀನ್ ಅವರಿಗೆ ಹೇಳಿದ್ದರು. ಹಾಡು ಮೊದಲು, ಕಥೆ ಆಮೇಲೆ. ಇದು ಗೊತ್ತಿದ್ದೂ ಮಾಡಿದ ಆಯ್ಕೆ. ನಿಜವಾದ ಕಾಲದ ತಪ್ಪು ಹೇಗಿರುತ್ತದೆಂಬುದಕ್ಕೆ 1985ರ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದಲ್ಲಿ, 1955ರ ನವೆಂಬರಿನ ಶಾಲಾ ನೃತ್ಯಕೂಟದ ದೃಶ್ಯವನ್ನು ನೋಡಬಹುದು. 1985ರಿಂದ ಕಾಲದಲ್ಲಿ ಹಿಂದಕ್ಕೆ ಹೋದ ನಾಯಕ ಅಲ್ಲಿ ನುಡಿಸುವ ಹಾಡು ಹೊರಬಂದದ್ದು 1958ರಲ್ಲಿ. ಅದು ಆ ಕಾಲದವರಿಗೆ ಗೊತ್ತಿಲ್ಲವೆಂಬುದೇ ಅಲ್ಲಿನ ನಗೆ, ಆದ್ದರಿಂದ ತಪ್ಪಲ್ಲ. ಅವನ ಕೈಗೆ ಆ ಊರಿನ ವಾದ್ಯತಂಡದಿಂದ ಸಿಕ್ಕ ಕೆಂಪು ಗಿಬ್ಸನ್ ಇಎಸ್-345 ಗಿಟಾರ್ ಮಾದರಿಯೂ ಮಾರುಕಟ್ಟೆಗೆ ಬಂದದ್ದು ಆ ದಶಕದ ಕೊನೆಯಲ್ಲೇ. ಅದನ್ನು ಯಾವ ಪಾತ್ರವೂ ಗಮನಿಸುವುದಿಲ್ಲ, ಕಥೆಗೂ ಅದು ಬೇಕಿಲ್ಲ, ಆದ್ದರಿಂದ ತಪ್ಪು. ಒಂದೇ ದೃಶ್ಯದ ಹಾಡನ್ನು ಬಿಟ್ಟು ಗಿಟಾರನ್ನು ಹಿಡಿಯಲು ಬಂದರೆ ಈ ಕೆಲಸದ ಅರ್ಧ ಭಾಗ ಕೈವಶವಾದಂತೆ.

ಶಾಟೊಂದು ಎಡಬಲ ಮಗುಚಿಕೊಂಡಿದೆಯೆಂಬ ಸಂಶಯ ಬಂದರೆ ಗಂಡಸರ ಕೋಟನ್ನು ನೋಡಿ: ಎದೆಯ ಜೇಬು ಅವರ ಎಡಕ್ಕಿರಬೇಕು, ಗುಂಡಿಯ ಪಟ್ಟಿಯಲ್ಲಿ ಎಡಭಾಗ ಬಲದ ಮೇಲೆ ಬರಬೇಕು. ಗಿಟಾರಿನ ಕುತ್ತಿಗೆ, ಅಂಗಡಿಯ ಫಲಕ ಇವೂ ಸಾಕ್ಷಿ ಹೇಳುತ್ತವೆ.

ಸಿಕ್ಕಿದ ತಪ್ಪನ್ನು ಬರೆದಿಡುವಾಗ ಗಂಟೆ-ನಿಮಿಷ-ಸೆಕೆಂಡು, ಕಟ್‌ಗೆ ಮುಂಚೆ ಕಂಡದ್ದು, ಕಟ್ ಆದ ಮೇಲೆ ಕಂಡದ್ದು, ನೋಡಿದ ಪ್ರತಿ ಯಾವುದು ಎಂಬಷ್ಟನ್ನು ಒಂದೇ ವಾಕ್ಯದಲ್ಲಿ ಹೇಳಿ. ‘ದೂರದ ಶಾಟಿನಲ್ಲಿ ಲೋಟ ಬಲಗೈಯಲ್ಲಿದೆ, ಮುಂದಿನ ಹತ್ತಿರದ ಶಾಟಿನಲ್ಲಿ ಎಡಗೈಯಲ್ಲಿದೆ’ ಎಂದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ‘ಲೋಟ ತನ್ನಷ್ಟಕ್ಕೆ ಜಾಗ ಬದಲಿಸಿದೆ, ನಿರ್ದೇಶಕರು ನಿದ್ದೆ ಮಾಡುತ್ತಿದ್ದರು’ ಎಂದರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಇದಕ್ಕೆ ಕಾರಣವನ್ನೂ ಊಹಿಸುವ ಮೊದಲು ಸಂಕಲನದ ಮೇಜಿನ ಕಡೆ ಒಮ್ಮೆ ನೋಡಬೇಕು. ಸೆಟ್ಟಿನಲ್ಲಿ ಕಂಟಿನ್ಯುಟಿ ನೋಡಿಕೊಳ್ಳುವವರು ಪ್ರತಿ ಟೇಕಿಗೂ ಯಾರು ಯಾವ ಮಾತಿಗೆ ಏನು ಮಾಡಿದರೆಂದು ಬರೆದಿಟ್ಟಿರುತ್ತಾರೆ. ಲೋಟದ ಕೈ ಬದಲಾದದ್ದು ಅವರ ಟಿಪ್ಪಣಿಯಲ್ಲಿ ಬಹುತೇಕ ಇದ್ದೇ ಇರುತ್ತದೆ. ಆದರೂ ನಗೆ ಸರಿಯಾಗಿ ಸಿಡಿದ ಟೇಕು ಅದೊಂದೇ ಆಗಿದ್ದರೆ ಸಂಕಲನಕಾರರು ಅದನ್ನೇ ಇಟ್ಟುಕೊಳ್ಳುತ್ತಾರೆ. ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕಟ್‌ನಲ್ಲಿ ನೋಡಬೇಕಾದ ಅಂಶಗಳಿಗೆ ಅಂಕ ಹಂಚುವಾಗ ಭಾವಕ್ಕೆ ಶೇಕಡಾ 51, ಕಥೆಗೆ 23, ಲಯಕ್ಕೆ 10 ಕೊಟ್ಟು, ಯಾರು ಎಲ್ಲಿ ನಿಂತಿದ್ದಾರೆಂಬ ಸ್ಥಳದ ಕಂಟಿನ್ಯುಟಿಗೆ ಕೊನೆಯಲ್ಲಿ 4ನ್ನಷ್ಟೇ ಉಳಿಸಿದ್ದಾರೆ. ಹಾಗಾಗಿ ತಪ್ಪಿನ ಪಕ್ಕದಲ್ಲಿ ‘ಕಣ್ತಪ್ಪು’ ಅಥವಾ ‘ತಿಳಿದೂ ಬಿಟ್ಟದ್ದು’ ಎಂದು ನಿಮ್ಮ ಅಂದಾಜನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಎರಡರಲ್ಲಿ ಯಾವುದೆಂದು ತೀರ್ಮಾನವಾಗದವನ್ನು, ಇನ್ನೊಂದು ಒಳ್ಳೆಯ ಪ್ರತಿ ಕೈಗೆ ಸಿಗುವವರೆಗೆ, ಪಟ್ಟಿಗೆ ಸೇರಿಸದೆ ಬೇರೆ ಹಾಳೆಯಲ್ಲಿ ಇಟ್ಟಿರಿ.