ಸವೆದ ವೀರಗಲ್ಲನ್ನು ಮೊಬೈಲಿನಿಂದ ಓದಿದ್ದು

ಕಲ್ಲಿನ ಮೇಲೆ ಕಾಗದ ಒತ್ತಿ ಮಸಿಯಿಂದ ತೆಗೆಯುವ ಪಡಿಯಚ್ಚಿಗೇ ಏಳದ ಅಕ್ಷರ ಮೊಬೈಲಿಗೆ ಸಿಗುತ್ತದಾ ಅಂತ ಶಾಸನದವರು ಅನೇಕರು ಕೇಳಿದ್ದರು. ಸಿಕ್ಕಿತು. ಕೋಲಾರದ ಕಡೆ ಕೆರೆ ಏರಿಯ ಮೇಲೆ ನಿಂತಿರುವ ಕಲ್ಲು. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 1905ರ ಕೋಲಾರ ಸಂಪುಟದಲ್ಲಿ ಹುಡುಕಿದೆ, ಇಲ್ಲ. ವೀರನ ತಲೆಯ ಮೇಲೆ ಮೂರು ಸಾಲು ಇದ್ದದ್ದು ಗೊತ್ತಿತ್ತು. ಓದಲು ಬರುತ್ತಿರಲಿಲ್ಲ.

ಮೊದಲು ರಾತ್ರಿ ಹೊತ್ತು ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದೆ. ಒಂದು ಸಾಲು ಎದ್ದರೆ ಇನ್ನೊಂದು ನೆರಳಲ್ಲಿ ಮುಳುಗುತ್ತಿತ್ತು. ಆಮೇಲೆ ಮೊಬೈಲಿನಲ್ಲಿ ಸುತ್ತಲೂ ಫೋಟೊ ತೆಗೆದು, ಫೋಟೊಗಳನ್ನು ಕೂಡಿಸಿ 3ಡಿ ಮಾಡೆಲ್ ಮಾಡುವ ಮೆಶ್‌ರೂಮ್ ಸಾಫ್ಟ್‌ವೇರಿಗೆ ಹಾಕಿದೆ. ಬಿಸಿಲಲ್ಲಿ ತೆಗೆದ ಕಂತೆ ಪೂರ್ತಿ ದಂಡ. ಊರವರು ವರ್ಷಾನುಗಟ್ಟಲೆ ಎಣ್ಣೆ ಹಚ್ಚಿದ ಕಲ್ಲು ಅದು. ನಾವು ಜರುಗಿದಂತೆ ಹೊಳಪೂ ಜರುಗುತ್ತದೆ, ಸಾಫ್ಟ್‌ವೇರಿಗೆ ಫೋಟೊಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಎಣ್ಣೆ ತೊಳೆಯಿರಿ ಅಂದವರಿದ್ದರು. ಪೂಜೆಯಾಗುವ ಕಲ್ಲು, ಕೈ ಹಚ್ಚಲಿಲ್ಲ. ಅಕ್ಷರ ಎದ್ದು ಕಾಣಲಿ ಅಂತ ಸುಣ್ಣದ ಪುಡಿ, ಹಿಟ್ಟು ಬಳಿಯುವ ಹಳೇ ಪದ್ಧತಿಯನ್ನಂತೂ ದಯವಿಟ್ಟು ಬಿಡಿ.

ಮೋಡ ಕವಿದ ಬೆಳಿಗ್ಗೆ, ಮೇಲೆ ಬಿಳಿ ಪಂಚೆ ಅಡ್ಡ ಹಿಡಿಸಿ ತೆಗೆದ ಕಂತೆ ಕೂಡಿಕೊಂಡಿತು. ಸುಮಾರು ನೂರೈವತ್ತು ಫೋಟೊ. ಪ್ರತಿಯೊಂದೂ ಹಿಂದಿನದರ ಮುಕ್ಕಾಲು ಪಾಲನ್ನು ಹಿಡಿದಿರಬೇಕು. ಅಕ್ಷರದ ಪಟ್ಟಿಗೆ ಹತ್ತಿರದಿಂದ ಬೇರೆ ಸುತ್ತು. ಆ ಸುತ್ತನ್ನು ಯಾವ ಕೋನದಲ್ಲಿ ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡು ಹೋಗಿದ್ದು ಗ್ರಾಫಿಕ್ಸ್ ಕಾರ್ಡಿಗೆ. ಮೆಶ್‌ರೂಮ್‌ಗೆ ಎನ್‌ವಿಡಿಯಾ ಕಂಪನಿಯದ್ದೇ ಬೇಕು, ಹಳೆಯದು ಹದಿನಾಲ್ಕು ಸಾವಿರದ ಆಸುಪಾಸಿಗೆ ಸಿಕ್ಕಿತು. ಪೆಟ್ರೋಲು, ಟಾರ್ಚು ಎಲ್ಲ ಸೇರಿ ಇಪ್ಪತ್ತು ಸಾವಿರದೊಳಗೆ ಮುಗಿಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನದ ಕಲ್ಲುಗಳಿಗೆ 3ಡಿ ಸ್ಕ್ಯಾನರ್ ಇಟ್ಟು ಮಾಡುವ ಕೆಲಸ ಬೇರೆ ಮಟ್ಟದ್ದು. 2018ರಲ್ಲಿ ಸಿಕ್ಕ ಹೆಬ್ಬಾಳದ ಕಿತ್ತಯ್ಯನ ಕಲ್ಲು, ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅಂಥ ಕಲ್ಲುಗಳ 3ಡಿ ಚಿತ್ರ ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು.

ನಿಜವಾದ ಕೆಲಸ ಆದದ್ದು ಮೆಶ್‌ಲ್ಯಾಬಿನಲ್ಲಿ, ಅಂದರೆ ತಯಾರಾದ 3ಡಿ ಮಾಡೆಲನ್ನು ತಿರುಗಿಸಿ ನೋಡುವ, ತಿದ್ದುವ ಸಾಫ್ಟ್‌ವೇರಿನಲ್ಲಿ. ಮೊದಲು ಬಣ್ಣ ಪೂರ್ತಿ ತೆಗೆದೆ. ಪಾಚಿ, ಕುಂಕುಮ, ಎಣ್ಣೆಯ ಕಲೆ ಎಲ್ಲ ಮಾಯ, ಬರೀ ಉಬ್ಬುತಗ್ಗು ಉಳಿಯಿತು. ಅದರಲ್ಲಿ ಉಬ್ಬುತಗ್ಗನ್ನು ಎತ್ತಿ ತೋರಿಸುವ ರೇಡಿಯನ್ಸ್ ಸ್ಕೇಲಿಂಗ್ ಹಾಕಿ ಬೆಳಕನ್ನು ಎಡದಿಂದ ನಿಧಾನಕ್ಕೆ ತಿರುಗಿಸಿದೆ. ಎರಡನೇ ಸಾಲಿನ ನಡುವೆ ಗುಂಡಗೆ ಒಂದು ಗೀರು ಎದ್ದಿತು. ಱ! ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ರಕಾರ. ಅದರ ಹಿಂದೆ ತು, ಅಡಿಯಲ್ಲಿ ಉಕಾರದ ಬಾಲ. ತುಱು, ಅಂದರೆ ದನ. ತುಱುಗಾಳಗದಲ್ಲಿ ಸತ್ತವನ ಕಲ್ಲು ಅಂತ ಅಲ್ಲಿಗೆ ಖಚಿತವಾಯಿತು. ಮೂರು ಸಾಲಲ್ಲಿ ಮುಕ್ಕಾಲು ಓದಿದ್ದೇನೆ, ಅನುಮಾನಪಟ್ಟ ಹಿರಿಯರೊಬ್ಬರು ಕೂತು ನೋಡಿ ಒಪ್ಪಿದರು. ವೀರನ ಹೆಸರಿನ ಜಾಗದಲ್ಲಿ ಮಾತ್ರ ಕಲ್ಲೇ ಚಕ್ಕೆ ಎದ್ದಿದೆ. ಅಲ್ಲಿ ಯಾವ ಬೆಳಕೂ ಕೆಲಸ ಮಾಡೋದಿಲ್ಲ.

ನಡುವೆ ಕರಿ ಗೋಲಿ ಪಕ್ಕದಲ್ಲಿಟ್ಟು ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್) ವಿಧಾನವನ್ನೂ ನೋಡಿದೆ. ಕ್ಯಾಮೆರಾ ಅಲುಗಿಸದೆ, ಬೆಳಕನ್ನು ಮಾತ್ರ ಬೇರೆ ಬೇರೆ ದಿಕ್ಕಿನಿಂದ ಹಾಯಿಸಿ ಫೋಟೊ ತೆಗೆಯುವುದು. ಗೋಲಿಯ ಮೇಲಿನ ಹೊಳಪಿನಿಂದ ಬೆಳಕಿನ ದಿಕ್ಕು ಸಿಗುತ್ತದೆ. ಮನೆಯೊಳಗೆ ತಾಮ್ರಪಟ, ನಾಣ್ಯಕ್ಕೆ ಬಹಳ ಚೆನ್ನ. ಏರಿಯ ಮೇಲೆ ಗಾಳಿಗೆ ಟ್ರೈಪಾಡ್ ಅಲುಗಾಡಿ ಸಾಕಾಯಿತು.

ಮಾಡೆಲ್ ಆಯ್ತು ಅಂತ ಮೂಲ ಫೋಟೊ ಅಳಿಸಬೇಡಿ. ನಾನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಸಾಫ್ಟ್‌ವೇರ್ ಹೊಸದು ಬಂದಾಗಲೆಲ್ಲ ಅದೇ ಫೋಟೊಗಳನ್ನು ಮತ್ತೆ ಓಡಿಸುತ್ತೇನೆ.